ಡ್ಯುಯಲ್ ಚಾನೆಲ್ ರ‍್ಯಾಮ್: ಬಳ್ಳಾರಿ ಸೀಮೆಯ ಹಳೆಯ ಕಂಪ್ಯೂಟರುಗಳಲ್ಲಿ ಜೋಡಣೆಯ ಕ್ರಮ

ಡ್ಯುಯಲ್ ಚಾನೆಲ್: ಕಂಪ್ಯೂಟರಿನ ಮೆಮೊರಿ ಕಂಟ್ರೋಲರಿಗೂ ರ‍್ಯಾಮ್ ಪಟ್ಟಿಗಳಿಗೂ ನಡುವೆ 64 ಬಿಟ್ ಅಗಲದ ಎರಡು ದಾರಿಗಳನ್ನು ಒಟ್ಟಿಗೆ ದುಡಿಸುವ ವ್ಯವಸ್ಥೆ. ಎರಡು ದಾರಿಯೂ ತೆರೆದಾಗ ಮಾಹಿತಿ ಸಾಗುವ ಒಟ್ಟು ಅಗಲ 128 ಬಿಟ್ ಆಗುತ್ತದೆ. ಇದಕ್ಕೆ ಬೇರೆ ಜಾತಿಯ ರ‍್ಯಾಮ್ ಬೇಕಿಲ್ಲ, ಅಂಗಡಿಯಲ್ಲಿ ಸಿಗುವ ಮಾಮೂಲಿ ಪಟ್ಟಿಯೇ ಸಾಕು. ಬೋರ್ಡಿಗೆ ಈ ಶಕ್ತಿ ಇರಬೇಕು, ಪಟ್ಟಿಗಳು ಸರಿಯಾದ ಸ್ಲಾಟಿನಲ್ಲಿ ಕೂತಿರಬೇಕು. ಎಡವಟ್ಟಾಗುವುದು ಹೆಚ್ಚಾಗಿ ಈ ಎರಡನೆಯದರಲ್ಲೇ.

ಚಾನೆಲ್ ಎಂದರೆ ಕಾಲುವೆ. ಬಳ್ಳಾರಿ, ಸಿರುಗುಪ್ಪ, ಕುರುಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಸಪೇಟೆ ಹತ್ತಿರದ ತುಂಗಭದ್ರಾ ಅಣೆಕಟ್ಟೆಯ ಬಲದಂಡೆಯಿಂದ ಮೇಲ್ಮಟ್ಟದ ಕಾಲುವೆ, ಕೆಳಮಟ್ಟದ ಕಾಲುವೆ ಎಂದು ಎರಡು ಹೊರಡುತ್ತವೆ. ರೈತರ ಬಾಯಲ್ಲಿ ಅವು ಎಚ್ಚೆಲ್ಸಿ, ಎಲ್ಲೆಲ್ಸಿ. ಡ್ಯಾಮಿನಲ್ಲಿ ನೀರು ಎಷ್ಟೇ ಇರಲಿ, ಒಂದು ಕಾಲುವೆಯ ಗೇಟು ಇಳಿಸಿಬಿಟ್ಟರೆ ಹೊಲಕ್ಕೆ ಹರಿಯುವುದು ಇನ್ನೊಂದರಲ್ಲಿ ಹಿಡಿಸುವಷ್ಟು ಮಾತ್ರ. ರ‍್ಯಾಮಿನ ಗಾತ್ರ ಡ್ಯಾಮಿನ ನೀರಿದ್ದಂತೆ, ಚಾನೆಲ್ಲು ಗೇಟು ತೆರೆದ ಕಾಲುವೆಯಿದ್ದಂತೆ. ಅಂಗಡಿಯವರು ‘ಎರಡು ಜಿಬಿ ಐತಿ’ ಎಂದು ಹೇಳಿದರೆ ಅದು ನೀರಿನ ಲೆಕ್ಕ. ಎಷ್ಟು ಕಾಲುವೆ ತೆರೆದಿವೆ ಎಂಬುದು ಬೇರೆ ಪ್ರಶ್ನೆ, ಅದನ್ನು ಕೇಳುವ ಗಿರಾಕಿ ಅಪರೂಪ.

ಈ ಸೀಮೆಯಲ್ಲಿ ಕಂಪ್ಯೂಟರು ಮನೆ ಹೊಗುವುದಕ್ಕಿಂತ ಮೊದಲು ಕಚೇರಿ, ಅಂಗಡಿ ಹೊಕ್ಕಿತು. ಪಹಣಿಯನ್ನು ಗಣಕೀಕರಿಸಿದ ‘ಭೂಮಿ’ ಯೋಜನೆ 2002ರ ಹೊತ್ತಿಗೆ ರಾಜ್ಯದ 177 ತಾಲ್ಲೂಕುಗಳನ್ನೂ ಮುಟ್ಟಿದಾಗ ಸಿರುಗುಪ್ಪದ ರೈತ ತನ್ನ ಹೊಲದ ವಿವರವನ್ನು ಮೊದಲ ಸಲ ಪ್ರಿಂಟರಿನಿಂದ ಹೊರಬಂದ ಹಾಳೆಯಲ್ಲಿ ನೋಡಿದ. ಕುರುಗೋಡು ಆಗಿನ್ನೂ ಬಳ್ಳಾರಿ ತಾಲ್ಲೂಕಿನೊಳಗೇ ಇತ್ತು. ಆಮೇಲೆ ಅಕ್ಕಿ ಗಿರಣಿಗಳ ಗುಮಾಸ್ತರ ಮೇಜಿಗೆ ಟ್ಯಾಲಿ ಬಂತು, ಲಗ್ನಪತ್ರಿಕೆ ಮಾಡುವ ಡಿಟಿಪಿ ಅಂಗಡಿಗೆ ನುಡಿ, ಬರಹ, ಪೇಜ್‌ಮೇಕರ್ ಬಂದವು, ಬಳ್ಳಾರಿಯ ಜೀನ್ಸ್ ಹೊಲಿಯುವ ಘಟಕಗಳಿಗೆ ಬಿಲ್ಲು, ಲೇಬಲ್ಲಿನ ಕೆಲಸ ಬಂತು. ಇವೆಲ್ಲ ಹೆಚ್ಚಾಗಿ ‘ಅಸೆಂಬಲ್ಡ್’ ಯಂತ್ರಗಳು. ಬೋರ್ಡು, ಪ್ರೊಸೆಸರು, ರ‍್ಯಾಮು ಬಿಡಿಬಿಡಿಯಾಗಿ ಕೊಂಡು ಕೂಡಿಸಿದಂಥವು. ಕೊಳ್ಳುವಾಗ ಒಂದು ಪಟ್ಟಿ, ಎರಡು ವರ್ಷ ಬಿಟ್ಟು ‘ಸಿಸ್ಟಮ್ ಭಾಳ ಸ್ಲೋ ಆಗೈತಿ’ ಎಂದಾಗ ಇನ್ನೊಂದು. ಆ ಇನ್ನೊಂದನ್ನು ಎಲ್ಲಿ ಚುಚ್ಚಿದರು ಎಂಬುದರ ಮೇಲೆ ಆ ಯಂತ್ರದ ಮುಂದಿನ ಆಯುಷ್ಯವೆಲ್ಲ ಒಂದು ಕಾಲುವೆಯಲ್ಲಿ ನಡೆಯಿತೋ ಎರಡರಲ್ಲೋ ಎಂಬುದು ನಿಂತಿತು.

ಹಿನ್ನೆಲೆ

ಪಟ್ಟಿಗಳನ್ನು ಜೋಡಿಯಾಗಿ ಹಾಕುವ ಪದ್ಧತಿ ಡ್ಯುಯಲ್ ಚಾನೆಲ್‌ಗಿಂತ ಹಳೆಯದು. 386, 486 ಯಂತ್ರಗಳ 30 ಪಿನ್ನಿನ ಸಿಮ್ ಪಟ್ಟಿಯ ಅಗಲ 8 ಬಿಟ್ ಮಾತ್ರ, ಪ್ರೊಸೆಸರಿನ ದಾರಿ 32 ಬಿಟ್. ಹಾಗಾಗಿ ನಾಲ್ಕು ನಾಲ್ಕು ಸೇರಿಸಿ ಹಾಕಬೇಕಿತ್ತು. ಪೆಂಟಿಯಂ ಬಂದಾಗ ದಾರಿ 64 ಬಿಟ್ ಆಯಿತು, 72 ಪಿನ್ನಿನ ಸಿಮ್ 32 ಬಿಟ್‌ನದು, ಅದಕ್ಕೆ ಎರಡೆರಡು. ಅಲ್ಲಿ ಜೋಡಿ ತಪ್ಪಿದರೆ ಯಂತ್ರ ಏಳುತ್ತಲೇ ಇರಲಿಲ್ಲ. 168 ಪಿನ್ನಿನ ಡಿಮ್ ಪಟ್ಟಿ 64 ಬಿಟ್ಟಿನದಾದ್ದರಿಂದ ಒಂದೇ ಸಾಕಾಯಿತು. ಆ ಹೊತ್ತಿನಲ್ಲಿ ಕೆಲಸ ಕಲಿತ ಮೆಕ್ಯಾನಿಕ್ಕುಗಳು ಜೋಡಿಯ ಮಾತನ್ನೇ ಮರೆತರು. ‘ಯಾವ ಸ್ಲಾಟಿಗೆ ಹಾಕಿದರೂ ನಡೀತದ’ ಎಂಬ ನಂಬಿಕೆ ಊರಿದ್ದು ಆಗ. ಆ ನಂಬಿಕೆ ಪೂರ್ತಿ ಸುಳ್ಳೂ ಅಲ್ಲ. ಡ್ಯುಯಲ್ ಚಾನೆಲ್ ಬೋರ್ಡಿನಲ್ಲಿ ತಪ್ಪು ಸ್ಲಾಟಿಗೆ ಹಾಕಿದರೂ ಯಂತ್ರ ನಡೆಯುತ್ತದೆ, ಬೀಪ್ ಹೊಡೆಯುವುದಿಲ್ಲ, ದೂರು ಹೇಳುವುದಿಲ್ಲ. ಸುಮ್ಮನೆ ಒಂದು ದಾರಿಯಲ್ಲಿ ನಡೆದುಕೊಂಡಿರುತ್ತದೆ. ತಪ್ಪು ವರ್ಷಗಟ್ಟಲೆ ಬಯಲಿಗೆ ಬಾರದೆ ಉಳಿಯುವುದು ಇದರಿಂದಲೇ.

ಎರಡನೆಯ ದಾರಿ ಬೇಕೆನಿಸಿದ್ದು ಪ್ರೊಸೆಸರಿನ ಹಸಿವಿನಿಂದ. ಪೆಂಟಿಯಂ 4 ಜೊತೆ 2000ದ ನವೆಂಬರಿನಲ್ಲಿ ಬಂದ ಇಂಟೆಲ್ 850 ಚಿಪ್‌ಸೆಟ್ (ಬೋರ್ಡಿನ ಮೇಲಿನ ನಿಯಂತ್ರಕ ಚಿಪ್ಪುಗಳು) ರ‍್ಯಾಂಬಸ್ ಮೆಮೊರಿಯನ್ನು ಜೋಡಿಯಾಗಿಯೇ ಬೇಡುತ್ತಿತ್ತು. ಅದು ದುಬಾರಿ, ಸಣ್ಣ ಊರಿನ ಅಂಗಡಿಯ ಮಾತಲ್ಲ. ಅಗ್ಗದ ಡಿಡಿಆರ್ ರ‍್ಯಾಮಿನಲ್ಲಿ ಜೋಡಿ ದಾರಿಯನ್ನು ಮನೆ ಬಳಕೆಯ ಬೋರ್ಡಿಗೆ ಮೊದಲು ತಂದದ್ದು ಎನ್‌ವಿಡಿಯಾದ ಎನ್‌ಫೋರ್ಸ್, 2001ರಲ್ಲಿ. 2003ರ ಏಪ್ರಿಲ್–ಮೇ ತಿಂಗಳಲ್ಲಿ ಇಂಟೆಲ್ 875 ಮತ್ತು 865 ಚಿಪ್‌ಸೆಟ್‌ಗಳನ್ನು ಬಿಟ್ಟ ಮೇಲೆ ಡ್ಯುಯಲ್ ಚಾನೆಲ್ ಎಲ್ಲರ ಕೈಗೆಟುಕಿತು. ಎಎಂಡಿ ಕಡೆ ಕಂಟ್ರೋಲರು ಬೋರ್ಡಿನಲ್ಲಿರದೆ ಪ್ರೊಸೆಸರಿನೊಳಕ್ಕೇ ಹೋಗಿತ್ತು. 2003ರ ಸಾಕೆಟ್ 754ಕ್ಕೆ ಒಂದೇ ದಾರಿ, 2004ರ ಸಾಕೆಟ್ 939ಕ್ಕೆ ಎರಡು, 2006ರ ಎಎಂ2ಗೂ ಎರಡು.

ಲೆಕ್ಕ

ಡಿಡಿಆರ್ 400 ಪಟ್ಟಿ ಒಂದು ಸೆಕೆಂಡಿಗೆ 40 ಕೋಟಿ ಸಲ ಮಾಹಿತಿ ಕೊಡುತ್ತದೆ, ಪ್ರತಿ ಸಲಕ್ಕೆ 64 ಬಿಟ್, ಅಂದರೆ 8 ಬೈಟು. ಗುಣಿಸಿದರೆ ಸೆಕೆಂಡಿಗೆ 3.2 ಜಿಬಿ. ಅದರ ಮೇಲಿನ ಚೀಟಿಯಲ್ಲಿ ಪಿಸಿ3200 ಎಂದು ಬರೆದಿರುವುದು ಇದೇ ಸಂಖ್ಯೆ. ಪ್ರೊಸೆಸರಿಗೂ ಚಿಪ್‌ಸೆಟ್‌ಗೂ ನಡುವಿನ ದಾರಿಗೆ ಬಸ್ಸು ಎನ್ನುತ್ತಾರೆ. 800 ಮೆಗಾಹರ್ಟ್ಸ್ ಬಸ್ಸಿನ ಪೆಂಟಿಯಂ 4 ಸೆಕೆಂಡಿಗೆ 6.4 ಜಿಬಿ ನುಂಗಬಲ್ಲದು. ಒಂದು ಪಟ್ಟಿ ಅದರ ಅರ್ಧ ಹೊಟ್ಟೆ ತುಂಬಿಸುತ್ತದೆ, ಎರಡು ಕೂಡಿದರೆ ಲೆಕ್ಕ ಸರಿಹೋಗುತ್ತದೆ. 865 ಚಿಪ್‌ಸೆಟ್‌ನ ಬೋರ್ಡು ಬಂದಾಗ ಆದ ಲಾಭ ಇಷ್ಟು ನೇರವಾದದ್ದು.

ಆದರೆ ಲೆಕ್ಕ ಎಲ್ಲ ಕಾಲಕ್ಕೂ ಇಷ್ಟು ನೇರವಾಗಿ ಉಳಿಯಲಿಲ್ಲ. ಡಿಡಿಆರ್2 800 ಪಟ್ಟಿಯೊಂದೇ 6.4 ಜಿಬಿ ಕೊಡುತ್ತದೆ. 800 ಬಸ್ಸಿನ ಡ್ಯುಯಲ್ ಕೋರ್ ಪ್ರೊಸೆಸರನ್ನು ಇಂಟೆಲ್ ಜಿ31 ಚಿಪ್‌ಸೆಟ್‌ನ ಬೋರ್ಡಿಗೆ ಹಾಕಿದರೆ ಬಸ್ಸಿನ ಮಿತಿಯೂ ಅಷ್ಟೇ. ಹಾಗಾದರೆ ಎರಡನೆಯ ದಾರಿ ಏತಕ್ಕೆ ಎಂದು ಕೇಳಬಹುದು, ಕೇಳಬೇಕಾದ ಪ್ರಶ್ನೆಯೇ. ಉತ್ತರ ಬೋರ್ಡಿನೊಳಗಿನ ಗ್ರಾಫಿಕ್ಸಿನಲ್ಲಿದೆ. ನಮ್ಮ ಕಡೆಯ ಯಂತ್ರಗಳಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡು ವಿರಳ, ಪರದೆಯ ಚಿತ್ರವೂ ಇದೇ ರ‍್ಯಾಮಿನಲ್ಲಿ ಕೂತಿರುತ್ತದೆ. 1024ಕ್ಕೆ 768ರ ಪರದೆಯನ್ನು 32 ಬಿಟ್ ಬಣ್ಣದಲ್ಲಿ ಸೆಕೆಂಡಿಗೆ 75 ಸಲ ಬರೆಯಲು, ಏನೂ ಕೆಲಸ ಮಾಡದೆ ಸುಮ್ಮನೆ ಕೂತಾಗಲೂ, ಸುಮಾರು 236 ಎಂಬಿ ಪ್ರತಿ ಸೆಕೆಂಡಿಗೂ ರ‍್ಯಾಮಿನಿಂದ ಹೊರಡುತ್ತದೆ. ವಿಡಿಯೊ, ಫೋಟೊ ತಿದ್ದುವ ಕೆಲಸದಲ್ಲಿ ಗ್ರಾಫಿಕ್ಸಿನ ಪಾಲು ಇನ್ನೂ ಏರುತ್ತದೆ. ಈ ಪಾಲು ಪ್ರೊಸೆಸರಿನ ಬಸ್ಸನ್ನು ಹಾಯುವುದಿಲ್ಲ, ಚಿಪ್‌ಸೆಟ್‌ನಿಂದ ನೇರ ರ‍್ಯಾಮಿಗೆ ಹೋಗುತ್ತದೆ. ಒಂದೇ ದಾರಿಯಿದ್ದರೆ ಪ್ರೊಸೆಸರೂ ಪರದೆಯೂ ಅದೇ ಕಾಲುವೆಯ ನೀರಿಗೆ ಕಿತ್ತಾಡುತ್ತವೆ. ಆದ್ದರಿಂದ ಆನ್‌ಬೋರ್ಡ್ ಗ್ರಾಫಿಕ್ಸಿನ ಯಂತ್ರಕ್ಕೆ ಡ್ಯುಯಲ್ ಚಾನೆಲ್ ಲಾಭ ಎದ್ದು ಕಾಣುತ್ತದೆ. ಬೇರೆ ಕಾರ್ಡು ಇರುವ ಯಂತ್ರದಲ್ಲಿ ಟ್ಯಾಲಿ, ವರ್ಡ್ ಕೆಲಸಕ್ಕೆ ಅದು ಕಂಡೂ ಕಾಣದಷ್ಟು. ‘ರ‍್ಯಾಮ್ ಜೋಡಿ ಮಾಡಿದರೆ ಸ್ಪೀಡು ಡಬಲ್’ ಎಂದು ಹೇಳುವವರು ದಾರಿಯ ಅಗಲವನ್ನು ಯಂತ್ರದ ವೇಗವೆಂದು ತಿಳಿದಿದ್ದಾರೆ. ಅದು ತಪ್ಪು.

ಎರಡು ದಾರಿಯಲ್ಲಿ ಮಾಹಿತಿ ಹಂಚಿಕೆಯಾಗುವ ರೀತಿಯೂ ತಿಳಿದಿರಬೇಕು. ಇಂಟೆಲ್ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಒಂದು ಕಂತು ‘ಎ’ ಕಡೆ, ಮುಂದಿನ ಕಂತು ‘ಬಿ’ ಕಡೆ, ಹೀಗೆ ಹೆಣಿಗೆ ಹಾಕುತ್ತಾ ಹೋಗುತ್ತದೆ. ಸಾಕೆಟ್ 939ರಲ್ಲಿ ಎರಡು ಪಟ್ಟಿಗಳೂ ಒಂದೇ ಬೀಸಿನಲ್ಲಿ ಅರ್ಧರ್ಧ ಕೊಡುತ್ತವೆ. ಎಎಂಡಿ ಫೆನಮ್‌ನಲ್ಲಿ ಇವೆರಡರಲ್ಲಿ ಯಾವುದು ಬೇಕೆಂದು ಬಯೋಸ್‌ನಲ್ಲಿ ಆರಿಸುವ ಅವಕಾಶವಿತ್ತು, ಗ್ಯಾಂಗ್ಡ್, ಅನ್‌ಗ್ಯಾಂಗ್ಡ್ ಎಂಬ ಹೆಸರಿನಲ್ಲಿ. ಎರಡು ಕಡೆಯ ಗಾತ್ರ ಸಮವಿಲ್ಲದಿದ್ದರೆ ಹೆಣಿಗೆ ಪೂರ್ತಿ ಕೂರುವುದಿಲ್ಲ. ಆಗ ಹಳೆಯ ಬೋರ್ಡು ಮೊದಲ ಕಡೆಯನ್ನು ಪೂರ್ತಿ ಮುಗಿಸಿ ನಂತರ ಇನ್ನೊಂದನ್ನು ಹಿಡಿಯುತ್ತದೆ.

ಕ್ಯಾಬಿನೆಟ್ಟಿನೊಳಗೆ

ಸೈಡ್ ಡೋರಿನ ಎರಡು ಸ್ಕ್ರೂ ಬಿಚ್ಚಿ, ಯಂತ್ರವನ್ನು ಮೇಜಿನ ಮೇಲೆ ಮಲಗಿಸಿ ನೋಡಿ. ಪ್ರೊಸೆಸರಿನ ಫ್ಯಾನಿನ ಪಕ್ಕದಲ್ಲಿ ಉದ್ದುದ್ದ ಸ್ಲಾಟುಗಳ ಸಾಲು, ಎರಡು ತುದಿಗೂ ಬಿಳಿಯ ಕೊಕ್ಕೆ. ನಾಲ್ಕು ಸ್ಲಾಟಿದ್ದರೆ ಬೋರ್ಡಿನ ಹಸಿರು ಮೈಮೇಲೆ, ಸ್ಲಾಟಿನ ಬುಡದಲ್ಲಿ, ಧೂಳೊರೆಸಿದರೆ ಕಾಣುವಷ್ಟು ಸಣ್ಣ ಬಿಳಿ ಅಕ್ಷರ: ಎ1, ಎ2, ಬಿ1, ಬಿ2. ಕೆಲವು ಬೋರ್ಡಿನಲ್ಲಿ ಡಿಮ್ 1, 2, 3, 4. ಎ1, ಎ2 ಎರಡೂ ಒಂದೇ ಕಾಲುವೆಯ ಮೇಲಿನ ಎರಡು ತೂಬು. ಅಕ್ಕಪಕ್ಕದ ಇವೆರಡಕ್ಕೆ ಪಟ್ಟಿ ಹಾಕಿದರೆ ‘ಎ’ ಕಾಲುವೆಗೆ ಇಬ್ಬರು ಪಾಲುದಾರರು, ‘ಬಿ’ ಒಣಗಿದೆ. ಹಾಕಬೇಕಾದದ್ದು ಎ1ಕ್ಕೆ ಒಂದು, ಬಿ1ಕ್ಕೆ ಒಂದು. ಎಂದರೆ ನಡುವೆ ಒಂದು ಸ್ಲಾಟು ಖಾಲಿ ಬಿಟ್ಟು ಒಂದನೆಯದಕ್ಕೂ ಮೂರನೆಯದಕ್ಕೂ.

ಇಷ್ಟನ್ನು ನೆನಪಿಡಲು ಬೋರ್ಡು ಮಾಡುವವರು ಬಣ್ಣ ಕೊಟ್ಟರು. ಇಂಟೆಲ್ 865, 945 ಚಿಪ್‌ಸೆಟ್‌ಗಳ ಕಾಲದ ಬಹುಪಾಲು ಬೋರ್ಡುಗಳಲ್ಲಿ ಒಂದೇ ಬಣ್ಣದ ಎರಡು ಸ್ಲಾಟು ಬೇರೆ ಬೇರೆ ಕಾಲುವೆಗೆ ಸೇರಿದವು, ಒಂದೇ ಬಣ್ಣಕ್ಕೆ ಹಾಕಿದರೆ ಜೋಡಿ ಆಯಿತು. ಆದರೆ ಬಣ್ಣಕ್ಕೆ ಎಲ್ಲ ಕಂಪನಿಗಳೂ ಒಪ್ಪಿದ ನಿಯಮವಿರಲಿಲ್ಲ. ಒಂದು ಬಣ್ಣವೆಂದರೆ ಒಂದು ಕಾಲುವೆ ಎಂಬ ಅರ್ಥದಲ್ಲಿ ಬಳಿದ ಬೋರ್ಡುಗಳೂ ಇವೆ, ಅಲ್ಲಿ ಬೇರೆ ಬೇರೆ ಬಣ್ಣಕ್ಕೆ ಹಾಕಬೇಕು. ನಾಲ್ಕೂ ಕಪ್ಪಾಗಿರುವವೂ ಇವೆ. ಬಣ್ಣಕ್ಕಿಂತ ಬೋರ್ಡಿನ ಮೇಲಿನ ಅಕ್ಷರವನ್ನು ನಂಬುವುದು ಮೇಲು, ಅದಕ್ಕಿಂತಲೂ ಕೈಪಿಡಿ ಮೇಲು. ಮೂರು ಸ್ಲಾಟಿನ ಎನ್‌ಫೋರ್ಸ್2 ಬೋರ್ಡುಗಳಲ್ಲಿ ಎರಡು ಒಂದು ಕಾಲುವೆಗೆ, ಉಳಿದ ಒಂಟಿ ಸ್ಲಾಟು ಇನ್ನೊಂದಕ್ಕೆ.

ಎರಡೇ ಸ್ಲಾಟಿನ ಬೋರ್ಡಿನಲ್ಲಿ ಈ ಗೊಂದಲವಿಲ್ಲ. ಜಿ31, ಎಚ್61 ಬೋರ್ಡುಗಳ ಪೈಕಿ ಹೆಚ್ಚಿನವು ಹೀಗೆ, ಸ್ಲಾಟಿಗೊಂದು ಕಾಲುವೆ, ಎರಡೂ ತುಂಬಿದರೆ ಮುಗಿಯಿತು. ಆದರೆ ಸ್ಲಾಟು ಎರಡಿದ್ದ ಮಾತ್ರಕ್ಕೆ ಕಾಲುವೆಯೂ ಎರಡು ಎಂದುಕೊಳ್ಳಬಾರದು. ಇಂಟೆಲ್ 845, 865ರ ತಮ್ಮನಂತಿದ್ದ 848, ಎಸ್‌ಐಎಸ್ 661, ವಿಯಾದ ಪಿ4ಎಂ800, ಎಎಂಡಿಯ ಸಾಕೆಟ್ 754, ಆಟಂ ಡಿ510 ಇವಕ್ಕೆಲ್ಲ ಒಂದೇ ಕಾಲುವೆ. ಇಂಥ ಬೋರ್ಡಿಗೆ ಜೋಡಿ ಹುಡುಕಿ ಅಲೆಯುವುದು ದಂಡ. ಬಿಚ್ಚುವ ಮೊದಲು ಬೋರ್ಡಿನ ಮಾಡೆಲ್ ನಂಬರ್ ಓದಿಕೊಳ್ಳುವುದು ಅದಕ್ಕೇ.

ಜೋಡಿ ಹೊಂದಿಸುವುದು

ಎತ್ತು ಕೊಳ್ಳಲು ಜಾತ್ರೆಗೆ ಹೋದವರು ಜೋಡಿಯನ್ನು ನೋಡುವ ಕಣ್ಣೇ ಬೇರೆ. ಎತ್ತರ, ನಡಿಗೆ, ವಯಸ್ಸು ಹೊಂದಬೇಕು, ಬಣ್ಣ ಹೊಂದದಿದ್ದರೂ ನಡೆಯುತ್ತದೆ. ರ‍್ಯಾಮಿಗೂ ಹಾಗೆ. ಗಾತ್ರ ಒಂದೇ ಇರಬೇಕು, ಜಾತಿ ಒಂದೇ ಇರಬೇಕು, ವೇಗ ಒಂದೇ ಇದ್ದರೆ ಒಳ್ಳೆಯದು, ಕಂಪನಿ ಒಂದೇ ಇರಬೇಕಾಗಿಲ್ಲ. 667ರ ಪಟ್ಟಿಯ ಜೊತೆ 800ರದ್ದನ್ನು ಕಟ್ಟಿದರೆ ಎರಡೂ 667ರಲ್ಲೇ ನಡೆಯುತ್ತವೆ, ಕುಂಟುವ ಎತ್ತಿನ ಹೆಜ್ಜೆಗೆ ನೊಗದ ಇನ್ನೊಂದು ಎತ್ತು ಹೊಂದಿಕೊಂಡಂತೆ. 865 ಈ ವಿಷಯದಲ್ಲಿ ಬಲು ಕಟ್ಟುನಿಟ್ಟು. ಗಾತ್ರವಷ್ಟೇ ಅಲ್ಲ, ಪಟ್ಟಿಯ ಮೇಲಿನ ಚಿಪ್ಪುಗಳು ಒಂದು ಬದಿಗಿವೆಯೋ ಎರಡು ಬದಿಗೋ, ಪ್ರತಿ ಚಿಪ್ಪಿನ ಅಗಲವೆಷ್ಟು ಎಂಬುದೂ ಎರಡು ಕಡೆ ಒಂದೇ ಇರಬೇಕು. ಎರಡೂ 512 ಎಂಬಿ, ಎರಡೂ 400, ಆದರೂ ಸಿಂಗಲ್ ಚಾನೆಲ್ ಎಂದು ತೋರಿಸುತ್ತಿದ್ದರೆ ಪಟ್ಟಿಗಳನ್ನು ತೆಗೆದು ತಿರುವಿ ಚಿಪ್ಪು ಎಣಿಸಬೇಕು. ಒಂದರಲ್ಲಿ ಎಂಟು, ಇನ್ನೊಂದರಲ್ಲಿ ಹದಿನಾರು ಇದ್ದರೆ ಕಾರಣ ಅಲ್ಲೇ ಸಿಕ್ಕಿತು.

ಮುಂದಿನ ಬೋರ್ಡುಗಳು ಉದಾರವಾದವು. 915, 945ರಲ್ಲಿ ಮೂರು ಪಟ್ಟಿಯಿಂದಲೂ ಜೋಡಿ ಕಟ್ಟಬಹುದು. ಎ1, ಎ2ಕ್ಕೆ 512 ಎಂಬಿಯ ಎರಡು, ಬಿ1ಕ್ಕೆ 1 ಜಿಬಿಯ ಒಂದು. ಎರಡು ಕಾಲುವೆಯ ಮೊತ್ತ ಸಮವಾದರೆ ಸಾಕು. 865ರಲ್ಲಿ ಮೂರನೆಯದು ಬಂದ ಕೂಡಲೇ ಜೋಡಿ ಮುರಿಯುತ್ತಿತ್ತು. 965 ಮತ್ತು ಅದರ ನಂತರದ ಹಲವು ಇಂಟೆಲ್ ಚಿಪ್‌ಸೆಟ್‌ಗಳಿಗೆ ಫ್ಲೆಕ್ಸ್ ಎಂಬ ಇನ್ನೊಂದು ಜಾಣ್ಮೆ ಬಂತು. ಒಂದು ಕಡೆ 2 ಜಿಬಿ, ಇನ್ನೊಂದು ಕಡೆ 1 ಜಿಬಿ ಇದ್ದರೆ, ಎರಡರಿಂದಲೂ ಒಂದೊಂದು ಜಿಬಿ ಸೇರಿ 2 ಜಿಬಿ ಜೋಡಿಯಾಗಿ ನಡೆಯುತ್ತದೆ, ಉಳಿದ 1 ಜಿಬಿ ಒಂಟಿಯಾಗಿ.

ಜಾತಿಯ ಮಾತು ಬಂದಾಗ ಪಟ್ಟಿಯ ಕೆಳಗಿನ ಕಚ್ಚನ್ನು ನೋಡಬೇಕು. ಡಿಡಿಆರ್‌ಗೆ 184 ಪಿನ್, 2.5 ವೋಲ್ಟ್. ಡಿಡಿಆರ್2ಗೆ 240 ಪಿನ್, 1.8 ವೋಲ್ಟ್. ಡಿಡಿಆರ್3ಗೂ 240 ಪಿನ್ನೇ, 1.5 ವೋಲ್ಟ್, ಆದರೆ ಕಚ್ಚಿನ ಜಾಗ ಬೇರೆ. ಹೋಗದ ಪಟ್ಟಿಯನ್ನು ಒತ್ತಿ ಕೂರಿಸಲು ಹೋಗಿ ಸ್ಲಾಟು ಸೀಳಿದ ಬೋರ್ಡುಗಳನ್ನು ನಾನು ಕಂಡಿದ್ದೇನೆ. ಹಳೆಯ ಯಂತ್ರಕ್ಕೆ ಬೋರ್ಡೇ ಹೋದರೆ ಅಲ್ಲಿಗೆ ಕಥೆ ಮುಗಿಯಿತು. ಅಗ್ಗಕ್ಕೆ ಸಿಗುವ ಡಿಡಿಆರ್2 ಪಟ್ಟಿಗಳ ಪೈಕಿ ಕೆಲವು ಎಎಂಡಿ ಬೋರ್ಡಿನಲ್ಲಿ ಮಾತ್ರ ನಡೆಯುವಂಥವು, ಇಂಟೆಲ್ ಬೋರ್ಡಿಗೆ ಹಾಕಿದರೆ ಡಿಸ್ಪ್ಲೇ ಬರುವುದಿಲ್ಲ. ಡಿಡಿಆರ್3 ಹಾಕುವ ಜಿ41 ಬೋರ್ಡಿಗೂ ಇಂಥದೇ ಹಟ. 4 ಜಿಬಿಯ ಪಟ್ಟಿಯಲ್ಲಿ ಹದಿನಾರು ಚಿಪ್ಪಿದ್ದರೆ ಒಪ್ಪುತ್ತದೆ, ಎಂಟೇ ದೊಡ್ಡ ಚಿಪ್ಪಿದ್ದರೆ ಸಾಮಾನ್ಯವಾಗಿ ಒಪ್ಪುವುದಿಲ್ಲ. ಹಣ ಕೊಡುವ ಮೊದಲು ಅಂಗಡಿಯಲ್ಲೇ ಚಿಪ್ಪು ಎಣಿಸಿ.

ಗಾತ್ರವೋ ಜೋಡಿಯೋ

ಜೋಡಿಯ ಹುಚ್ಚಿನಲ್ಲಿ ಗಾತ್ರ ಕಡಿಮೆ ಮಾಡಿಕೊಳ್ಳುವುದು ತಪ್ಪು. ಡಿಟಿಪಿ ಅಂಗಡಿಯ ಯಂತ್ರದಲ್ಲಿ ಫೋಟೊಶಾಪ್, ಕೋರೆಲ್‌ಡ್ರಾ ಎರಡೂ ತೆರೆದಿವೆ, ರ‍್ಯಾಮ್ ತುಂಬಿದೆ ಎಂದಿಟ್ಟುಕೊಳ್ಳಿ. ಆಗ ವಿಂಡೋಸ್ ಉಳಿದದ್ದನ್ನು ಹಾರ್ಡ್ ಡಿಸ್ಕಿಗೆ ಬರೆಯತೊಡಗುತ್ತದೆ, ಕ್ಯಾಬಿನೆಟ್ಟಿನ ಕೆಂಪು ದೀಪ ಆರದೆ ಮಿನುಗುತ್ತದೆ, ಮೌಸ್ ಅಂಟಿಕೊಳ್ಳುತ್ತದೆ. ಹಾರ್ಡ್ ಡಿಸ್ಕಿನ ಮುಂದೆ ಒಂಟಿ ಕಾಲುವೆಯ ರ‍್ಯಾಮೂ ಎಷ್ಟೋ ಪಾಲು ಚುರುಕು. ಇಂಥ ಕಡೆ 1 ಜಿಬಿ ಜೋಡಿಗಿಂತ 1.5 ಜಿಬಿ ಒಂಟಿಯೇ ಒಳ್ಳೆಯದು. ರ‍್ಯಾಮ್ ಸಾಕಷ್ಟಿದ್ದೂ ಪರದೆಯ ಕೆಲಸ ತಡವರಿಸುತ್ತಿದ್ದರೆ ಆಗ ಜೋಡಿಯನ್ನು ನೋಡಬೇಕು. 32 ಬಿಟ್ ವಿಂಡೋಸ್‌ನಲ್ಲಿ 4 ಜಿಬಿ ಹಾಕಿದರೂ 3 ಜಿಬಿ ಆಸುಪಾಸಿನಷ್ಟೇ ಲೆಕ್ಕಕ್ಕೆ ಬರುತ್ತದೆ. ಅಂಥಲ್ಲಿ 2 ಮತ್ತು 1ರ ಬದಲು 2 ಮತ್ತು 2 ಹಾಕುವುದರಿಂದ ಸಿಗುವ ಹೆಚ್ಚಿನ ಫಲ ಜೋಡಿಯದು, ಗಾತ್ರದ್ದಲ್ಲ.

ಎಲ್ಲಕ್ಕಿಂತ ನನ್ನ ಮನಸ್ಸಿಗೆ ತಟ್ಟುವುದು ಖರ್ಚೇ ಇಲ್ಲದ ಲಾಭ. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಎರಡು ಸಮ ಪಟ್ಟಿಗಳು ಅಕ್ಕಪಕ್ಕ ಕೂತಿದ್ದರೆ ಒಂದನ್ನು ಎತ್ತಿ ಒಂದು ಸ್ಲಾಟು ಆಚೆ ಇಟ್ಟರೆ ಸಾಕು. ಹೊಸ ಯಂತ್ರ ಕೊಳ್ಳಲಾಗದೆ ಹಳೆಯದನ್ನೇ ನೆಚ್ಚಿಕೊಂಡ ಶಾಲೆ, ಸಣ್ಣ ಅಂಗಡಿ, ಓದುವ ಮಕ್ಕಳ ಮನೆಗೆ ಇದು ದುಡ್ಡಿಲ್ಲದೆ ದಕ್ಕುವ ಉಪಕಾರ.

ಬಿಸಿಲು, ಧೂಳು, ಎರೇಸರ್

ಬಳ್ಳಾರಿಯ ಬೇಸಿಗೆ 40 ಡಿಗ್ರಿ ದಾಟುತ್ತದೆ, ಗಾಳಿ ಒಣಗಿರುತ್ತದೆ. ಒಣ ಗಾಳಿಯಲ್ಲಿ ಮೈಮೇಲೆ ಸ್ಥಿರವಿದ್ಯುತ್ ಬೇಗ ಸೇರುತ್ತದೆ. ಟೆರಿಕಾಟ್ ಅಂಗಿ ತೊಟ್ಟು ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದವರ ಬೆರಳು ಪಟ್ಟಿಯ ಚಿಪ್ಪಿಗೆ ತಗಲಿದರೆ ಕಣ್ಣಿಗೆ ಕಾಣದೆ ಹಾನಿಯಾಗಬಹುದು. ಮೊದಲು ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಬೇಕು, ಪಟ್ಟಿಯನ್ನು ಅಂಚಿನಲ್ಲಿ ಹಿಡಿಯಬೇಕು. ವೈರು ಕಿತ್ತ ಮೇಲೆ ಪವರ್ ಬಟನ್ ಒಂದೆರಡು ಕ್ಷಣ ಒತ್ತಿ ಹಿಡಿದರೆ ಒಳಗೆ ಉಳಿದ ವಿದ್ಯುತ್ತೂ ಇಳಿಯುತ್ತದೆ. ಇಂಟೆಲ್ ಬೋರ್ಡುಗಳಲ್ಲಿ ಹಸಿರು ದೀಪವೊಂದು ಉರಿಯುತ್ತಿರುತ್ತದೆ, ಅದು ಪೂರ್ತಿ ಆರುವವರೆಗೆ ಪಟ್ಟಿ ಮುಟ್ಟಬಾರದು.

ಧೂಳಿನಲ್ಲೂ ಊರಿಗೊಂದು ಬಗೆ. ಸಿರುಗುಪ್ಪದ ಗಿರಣಿ ಕಚೇರಿಯಲ್ಲಿ ತೌಡು, ಹೊಟ್ಟಿನ ಪುಡಿ, ಬಳ್ಳಾರಿಯ ಜೀನ್ಸ್ ಘಟಕದಲ್ಲಿ ನೀಲಿ ಹತ್ತಿಯ ನವುರಾದ ಎಳೆ, ಕುರುಗೋಡಿನ ಹಳ್ಳಿ ಮನೆಯಲ್ಲಿ ಎರೆಮಣ್ಣಿನ ಧೂಳು. ಖಾಲಿ ಉಳಿದ ಸ್ಲಾಟಿನಲ್ಲಿ ಇದು ಮೆತ್ತಿಕೊಳ್ಳುತ್ತದೆ. ವರ್ಷಗಟ್ಟಲೆ ಖಾಲಿಯಿದ್ದ ಸ್ಲಾಟಿಗೆ ಪಟ್ಟಿ ಹಾಕಿ ‘ಸ್ಲಾಟ್ ಹೋಗೈತಿ’ ಎಂದು ಕೈಬಿಡುವ ಮೊದಲು ಮೆತ್ತನೆಯ ಬ್ರಷ್ಷಿನಿಂದ ಅದನ್ನು ಗುಡಿಸಬೇಕು. ಪಟ್ಟಿಯ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಮಂಕು ಕವಿದಿದ್ದರೆ ಶಾಲೆಯ ಮಕ್ಕಳ ಬಿಳಿ ಎರೇಸರಿನಿಂದ ಒಂದೇ ದಿಕ್ಕಿಗೆ ಹಗುರಾಗಿ ಉಜ್ಜಿ, ಪುಡಿಯನ್ನು ಒರೆಸಿ ಹಾಕುವುದು ಇಲ್ಲಿನ ಮೆಕ್ಯಾನಿಕ್ಕುಗಳೆಲ್ಲ ಬಲ್ಲ ಉಪಾಯ. ಪಟ್ಟಿಯ ಕಚ್ಚು ಸ್ಲಾಟಿನ ಗೂಟಕ್ಕೆ ಹೊಂದಿದೆಯೇ ನೋಡಿ, ಎರಡು ತುದಿಗೂ ಹೆಬ್ಬೆರಳಿಟ್ಟು ಸಮವಾಗಿ ಒತ್ತಿದರೆ ಎರಡು ಕೊಕ್ಕೆಯೂ ತಾವಾಗಿ ಎದ್ದು ‘ಟಕ್’ ಎಂದು ಹಿಡಿಯುತ್ತವೆ. ಒಂದೇ ಟಕ್ ಕೇಳಿದರೆ ಒಂದು ತುದಿ ಕೂತಿಲ್ಲ. ಹಾಗೇ ಚಾಲೂ ಮಾಡಿದರೆ ಬೀಪ್ ಹೊಡೆಯುತ್ತದೆ, ಇಂಟೆಲ್ ಬೋರ್ಡಾದರೆ ಸಾಮಾನ್ಯವಾಗಿ ಮೂರು ಸಲ.

ಯಂತ್ರ ಎದ್ದಾಗ ಮೊದಲ ಕಪ್ಪು ಪರದೆಯಲ್ಲಿ, ರ‍್ಯಾಮಿನ ಎಣಿಕೆಯ ಹತ್ತಿರ, ಡ್ಯುಯಲ್ ಚಾನೆಲ್ ಎಂಬ ಸಾಲು ಬಹಳಷ್ಟು ಬೋರ್ಡುಗಳಲ್ಲಿ ಬಂದು ಹೋಗುತ್ತದೆ. ಕಣ್ಣು ಹಿಡಿಯುವುದರೊಳಗೆ ಮಾಯವಾದರೆ ಕೀಬೋರ್ಡಿನ ಪಾಸ್ ಗುಂಡಿ ಒತ್ತಿ ನಿಲ್ಲಿಸಿಕೊಳ್ಳಬಹುದು. ವಿಂಡೋಸ್ ಒಳಗಿಂದ ನೋಡಲು ಸಿಪಿಯು-ಝಡ್ ಎಂಬ ಉಚಿತ ಸಣ್ಣ ತಂತ್ರಾಂಶವಿದೆ. ಅದರ ಮೆಮೊರಿ ಪುಟದಲ್ಲಿ ಚಾನೆಲ್ ಎಂಬುದರ ಮುಂದೆ ಸಿಂಗಲ್ ಅಥವಾ ಡ್ಯುಯಲ್ ಎಂದು ಬರುತ್ತದೆ, ಎಸ್‌ಪಿಡಿ ಪುಟದಲ್ಲಿ ಸ್ಲಾಟು ಸ್ಲಾಟಿನ ಪಟ್ಟಿಯ ಗಾತ್ರ, ವೇಗ, ತಯಾರಕರ ಹೆಸರು. ಎಸ್‌ಪಿಡಿ ಎಂದರೆ ಪಟ್ಟಿಯ ಮೇಲೇ ಇರುವ ಪುಟ್ಟ ಚಿಪ್ಪಿನಲ್ಲಿ ಕಾರ್ಖಾನೆಯವರು ಬರೆದಿಟ್ಟ ಜಾತಕ. ಬೇರೆ ಬೇರೆ ಕಂಪನಿಯ ಪಟ್ಟಿ ಜೋಡಿಸಿದ್ದರೆ ಆ ರಾತ್ರಿ ಅಂಗಡಿ ಮುಚ್ಚುವಾಗ ಮೆಮ್‌ಟೆಸ್ಟ್86+ ಓಡಿಸಿ ಬಿಟ್ಟು ಹೋಗುವುದು ಒಳ್ಳೆಯದು. ಬೆಳಿಗ್ಗೆ ಬಂದಾಗ ಪರದೆಯಲ್ಲಿ ಕೆಂಪು ಸಾಲು ಒಂದೂ ಇಲ್ಲದಿದ್ದರೆ ಕ್ಯಾಬಿನೆಟ್ಟಿನ ಎರಡು ಸ್ಕ್ರೂ ತಿರುಗಿಸಿ ಬಿಗಿ ಮಾಡಬಹುದು.